ತೊಂಡೇಬಾವಿಯ ಹಿತಕಬೇಳೆ ಮೆಷಿನ್

ಚಿಕ್ಕಬಳ್ಳಾಪುರದ ಒಂದು ಐ.ಟಿ.ಐ.ಯಲ್ಲಿ ಫಿಟ್ಟರ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾದ ಮರುವರ್ಷದ ಮಾತು. ಗೌರಿಬಿದನೂರಿನ ನನ್ನ ಮನೆಯ ಹಿಂದೆ ಶೀಟು ಹಾಕಿಸಿ ಒಂದು ವರ್ಕ್‌ಶಾಪ್ ಮಾಡಿಕೊಂಡಿದ್ದೆ. ಮಿಕ್ಸಿಯಿಂದ ಹಿಡಿದು ಬೋರ್‌ವೆಲ್ ಮೋಟರಿನವರೆಗೆ ನನ್ನ ಕೈಗೆ ಬಂದು ಓಡದೆ ಹೋದದ್ದು ಒಂದೂ ಇಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ನನ್ನ ಹೆಂಡತಿ ಹೇಳುವುದಿಲ್ಲ. ಕೀಟಲೆಯಲ್ಲೂ ನನಗೆ ಅಷ್ಟೇ ಹೆಸರು. ಸಹೋದ್ಯೋಗಿಗಳ ಊಟದ ಡಬ್ಬಿಗೆ ನಟ್ಟು ಬೋಲ್ಟು ತುಂಬಿಸಿಟ್ಟು, ಮುಚ್ಚಳ ತೆಗೆಯುವಾಗ ಎದುರಿಗೇ ಕೂತು ನೋಡುತ್ತಿದ್ದವನು ನಾನು.

ಆ ಚಳಿಗಾಲದಲ್ಲಿ ತೊಂಡೇಬಾವಿಯ ಮಂಜುನಾಥ ಬಂದ. ಹಿಂದೆ ನನ್ನ ವಿದ್ಯಾರ್ಥಿ, ಈಗ ಸಂಬಳದ ಕೆಲಸದಲ್ಲಿದ್ದಾನೆ.

"ಸಾರ್, ಅಮ್ಮನ ಹೆಬ್ಬೆರಳು ಊದ್ಕೊಂಡಿದೆ. ಅವರೆಕಾಯಿ ಕಾಲ ಬಂತು ಅಂದ್ರೆ ದಿನಾ ಹಿತುಕ್ತಾ ಕೂತ್ಕೋತಾಳೆ. ಏನಾದ್ರೂ ಮೆಷಿನ್ ಮಾಡ್ಕೊಡಿ."

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಸುಲಿದ ಅವರೆಕಾಳನ್ನು ರಾತ್ರಿಯೆಲ್ಲ ನೆನೆಹಾಕಿ, ಮಾರನೆಯ ದಿನ ಒಂದೊಂದನ್ನೇ ಬೆರಳಲ್ಲಿ ಒತ್ತಿದರೆ ಸಿಪ್ಪೆ ಬಿಟ್ಟು ಬೇಳೆ ಹೊರಗೆ ಜಾರುತ್ತದೆ. ಅದೇ ಹಿತಕಬೇಳೆ. ಅದರ ಸಾರು ಉಣ್ಣುವುದು ಕಾಲು ಗಂಟೆ, ಹಿತುಕುವುದು ಅರ್ಧ ದಿನ.

ನಾನು ಹಳೇ ಬಸ್ಸೊಂದರ ವೈಪರ್ ಮೋಟರ್ ತಂದೆ. ಹನ್ನೆರಡು ವೋಲ್ಟಿನದು, ನಿಧಾನವಾಗಿ ತಿರುಗುತ್ತದೆ, ಆದರೆ ಎಳೆತ ಜಾಸ್ತಿ. ಎರಡು ರೋಲರಿಗೆ ಮೆತ್ತನೆಯ ರಬ್ಬರ್ ಸುತ್ತಿ, ಒಂದಕ್ಕಿಂತ ಇನ್ನೊಂದು ಸ್ವಲ್ಪ ಬೇಗ ತಿರುಗುವಂತೆ ಗೇರ್ ಕೂರಿಸಿದೆ. ಹಾಗೆ ಮಾಡಿದರೆ ಕಾಳು ಜಜ್ಜಿಹೋಗುವುದಿಲ್ಲ, ಉಜ್ಜಿದಂತಾಗಿ ಸಿಪ್ಪೆ ಬಿಡುತ್ತದೆ. ದಪ್ಪ ಕಾಳು ಬಂದರೆ ರೋಲರ್ ಹಿಂದೆ ಸರಿಯಲು ಸ್ಪ್ರಿಂಗ್, ಸಿಪ್ಪೆ ತೇಲಿಹೋಗಲು ನೀರು, ಕಾಳು ಮುಗಿದರೆ ತಾನೇ ನಿಲ್ಲಲು ಒಂದು ಸ್ವಿಚ್. ಮೊದಮೊದಲು ಬೇಳೆ ಚಟ್ನಿಯಾಗಿ ಬಂತು. ಹೆಂಡತಿ ಅದರಲ್ಲೇ ವಡೆ ಮಾಡಿ ಬಡಿಸಿ, "ಇದೊಂದು ಚೆನ್ನಾಗಿದೆ ನಿಮ್ಮ ಮೆಷಿನ್ದು" ಎಂದಳು. ಕೊನೆಗೂ ಬೇಳೆ ಇಡಿಇಡಿಯಾಗಿ ಉದುರಿದ ದಿನ ಇಡೀ ಬೀದಿಯನ್ನು ಕರೆದು ತೋರಿಸಿದೆ.

ತೊಂಡೇಬಾವಿಗೆ ಅದನ್ನು ಒಯ್ಯುವ ಹೊತ್ತಿಗೆ ನನಗೆ ಗೊತ್ತಿಲ್ಲದ ಒಂದು ವಿಷಯವಿತ್ತು. ಮಂಜುನಾಥನ ತಾಯಿ ಜಯಮ್ಮನಿಗೂ ಚಿಂತಾಮಣಿಯಲ್ಲಿರುವ ಓರಗಿತ್ತಿ ಲಕ್ಷ್ಮೀದೇವಮ್ಮನಿಗೂ ಜಮೀನು ಭಾಗವಾದಾಗಿನಿಂದ ಮಾತಿಲ್ಲ. ವರ್ಷಕ್ಕೊಮ್ಮೆ ಮಾತ್ರ, ಅವರೆಕಾಯಿ ಕಾಲದಲ್ಲಿ, ಅಕ್ಕನಿಗೆ ಹಿತುಕಿಕೊಡುವ ನೆಪದಲ್ಲಿ ಆಕೆ ಬರುತ್ತಾರೆ. ಒಂದೇ ಬೇಸನ್ನಿಗೆ ಇಬ್ಬರೂ ಕೈ ಹಾಕಿ ಕೂರುತ್ತಾರೆ. ಆ ವರ್ಷ ಲಕ್ಷ್ಮೀದೇವಮ್ಮನ ಮಗಳ ಮದುವೆ ಗೊತ್ತಾಗಿತ್ತು. ಮನೆಗೆ ಬಂದು ಅರಿಶಿನ ಕುಂಕುಮ ಕೊಟ್ಟು ಕರೆಯದಿದ್ದರೆ ಹುಡುಗಿಯ ದೊಡ್ಡಮ್ಮ ಮದುವೆಗೆ ಹೋಗುವ ಹಾಗಿಲ್ಲ. ಆ ಕರೆಯುವ ಮಾತು ಬೇಸನ್ನಿನ ಮುಂದೆ ಬರುತ್ತದೆಂದು ಜಯಮ್ಮ ಕಾಯುತ್ತಿದ್ದರು.

ಜಯಮ್ಮ ಒಂದು ಬಟ್ಟಲು ಕಾಳು ಮಾತ್ರ ಕೊಟ್ಟರು. "ಇಷ್ಟರಲ್ಲಿ ನೋಡಿ ಮೇಷ್ಟ್ರೇ. ಮಿಕ್ಕಿದ್ದು ಇರ್ಲಿ ಬಿಡಿ."

"ಬಟ್ಟಲಲ್ಲಿ ಏನಮ್ಮ ತೋರ್ಸೋದು? ಆನೆಗೆ ಕಳ್ಳೆಪುರಿ ಹಾಕ್ದಂಗಾಯ್ತು" ಎಂದು ಪಕ್ಕದಲ್ಲಿದ್ದ ಇಡೀ ಬೇಸನ್ನನ್ನೇ ಎತ್ತಿ ಸುರಿದೆ. ಆಕೆ ಚಾಚಿದ ಕೈ ಹಾಗೇ ನಿಂತಿತು. ನಾನು ಅದನ್ನು ನೋಡಿದೆ, ನೋಡಿಯೂ ಸ್ವಿಚ್ ಒತ್ತಿದೆ.

ಕಾಳು ಮುಗಿದು ಯಂತ್ರ ತಾನೇ ನಿಂತಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಬಸ್ಸು ಬದಲಿಸಿ ಬಂದ ಆಯಾಸ ಮುಖದಲ್ಲಿತ್ತು, ಬಗಲಲ್ಲಿ ಬ್ಯಾಗು.

"ಇವರೇ ಚಿಕ್ಕಮ್ಮ, ಹಿತುಕೋಕೆ ಬಂದಿದ್ದಾರೆ" ಎಂದ ಮಂಜುನಾಥ.

ನನಗೆ ಅಷ್ಟೇ ಸಾಕಿತ್ತು. "ಲೇಟಾಯ್ತಲ್ಲಮ್ಮ. ನಿಮ್ಮ ಕೆಲಸ ಹೋಯ್ತು. ಇನ್ಮೇಲೆ ಹಿತುಕೋಕೆ ಈ ಮನೇಲಿ ಯಾರೂ ಬೇಡ."

ನಕ್ಕವನು ನಾನೊಬ್ಬನೇ. ಆಕೆ ತುಂಬಿದ್ದ ಬೇಳೆಯನ್ನು ನೋಡಿದರು, ಅಕ್ಕನನ್ನು ನೋಡಿದರು. "ಸರಿ ಬಿಡಿ. ಒಳ್ಳೇದೇ ಆಯ್ತು" ಎಂದರು. ನಿಂತೇ ಕಾಫಿ ಕುಡಿದರು. ಬ್ಯಾಗು ಬಗಲಿಂದ ಇಳಿಯಲೇ ಇಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಜಯಮ್ಮ ಬೈಯಲಿಲ್ಲ. ಬೇಳೆಗೆ ಅಂಟಿಕೊಂಡಿದ್ದ ಸಿಪ್ಪೆ ಆರಿಸುತ್ತಾ ಹೇಳಿದರು: "ಮೆಷಿನ್ ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ನಮ್ಮ ಲಕ್ಷ್ಮೀಗೆ ಈ ಮನೆಗೆ ಬರೋಕೆ ಇದ್ದಿದ್ದು ಇದೊಂದೇ ದಾರಿ."

ಮಿಕ್ಕದ್ದನ್ನು ಮಂಜುನಾಥ ಬಸ್ ಸ್ಟಾಪಿನವರೆಗೆ ಬಂದು ಹೇಳಿದ. ವೃತ್ತಿಯಲ್ಲಿ ಯಂತ್ರ ಮೊದಲ ಸಲಕ್ಕೆ ಓಡದೆ ತಲೆತಗ್ಗಿಸಿದ್ದುಂಟು. ಯಂತ್ರ ಸರಿಯಾಗಿ ಓಡಿದ್ದಕ್ಕೆ ತಲೆತಗ್ಗಿಸಿದ್ದು ಅದೇ ಮೊದಲು.

ಮಾರನೆಯ ದಿನ ಚಿಂತಾಮಣಿಗೆ ಹೋದೆ. ಲಕ್ಷ್ಮೀದೇವಮ್ಮ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು.

"ನಮ್ಮಕ್ಕ ಕಳಿಸಿದ್ರಾ?"

"ಇಲ್ಲಮ್ಮ. ಅವರಿಗೆ ಗೊತ್ತೇ ಇಲ್ಲ. ಅವರು ಒಂದು ಬಟ್ಟಲು ಕಾಳು ಕೊಟ್ಟು ಮಿಕ್ಕಿದ್ದನ್ನ ನಿಮಗೋಸ್ಕರ ಇಟ್ಟಿದ್ರು. ಎಲ್ಲಾ ಸುರಿದವನು ನಾನು. ಆ ಮಾತು ಆಡಿದವನೂ ನಾನೇ."

"ಇಟ್ಟಿದ್ರಾ?" ಎಂದು ಕೇಳಿದರು. ಹೂಂ ಎಂದೆ. ಸೆರಗು ಸರಿಮಾಡಿಕೊಂಡು, "ಅಕ್ಕನಿಗೆ ನೆನೆಹಾಕೋಕೆ ಹೇಳಿ. ನಿಮ್ಮ ಯಂತ್ರ ನೀವು ತಗೊಂಡ್ ಹೋಗಿ" ಎಂದು ಒಳಗೆ ಹೋದರು.

ಜಯಮ್ಮನಿಗೆ ಆ ಮಾತು ಮುಟ್ಟಿಸಿ ಮೆಷಿನ್ ವಾಪಸು ತಂದೆ. ಆಕೆ ಬಂದ ದಿನ ನಾನು ತೊಂಡೇಬಾವಿಯತ್ತ ತಲೆ ಹಾಕಲಿಲ್ಲ. ಮಂಜುನಾಥ ಹೇಳಿದಂತೆ, ಕಾಳು ಅರ್ಧವಾಗುವವರೆಗೂ ಇಬ್ಬರೂ ಬೇಸನ್ನಿಗೆ ಕೈ ಹಾಕಿ ಹಿತುಕುತ್ತಲೇ ಇದ್ದರು. ಆಮೇಲೆ ಲಕ್ಷ್ಮೀದೇವಮ್ಮ ಕೈ ತೊಳೆದುಕೊಂಡು ಬ್ಯಾಗಿನಿಂದ ಕುಂಕುಮದ ಬಟ್ಟಲು ತೆಗೆದರಂತೆ. ಮದುವೆ ಶಿಡ್ಲಘಟ್ಟದ ಛತ್ರದಲ್ಲಿ. ನನ್ನನ್ನೂ ಕರೆದಿದ್ದರು. ಊಟದ ಸಾಲಿನಲ್ಲಿ ಜಯಮ್ಮ ಬೀಗರಿಗೆ, "ಇವರೇ ಮೆಷಿನ್ ಮೇಷ್ಟ್ರು" ಎಂದು ತೋರಿಸಿದರು. ಓರಗಿತ್ತಿಯರಿಬ್ಬರೂ ನಕ್ಕರು. ನಾನು ಎಲೆಯಿಂದ ತಲೆ ಎತ್ತಲಿಲ್ಲ.

ಈಗ ಯಾರಾದರೂ ಮನೆಗೆಲಸಕ್ಕೆ ಯಂತ್ರ ಬೇಕೆಂದು ಬಂದರೆ, ಅಳತೆ ಟೇಪು ತೆಗೆಯುವ ಮೊದಲು ಆ ಕೆಲಸಕ್ಕೆ ಯಾರ್ಯಾರು ಜೊತೆಗೆ ಕೂರುತ್ತಾರೆಂದು ಕೇಳುತ್ತೇನೆ. ಬೇಸರದ ಕೆಲಸವೆಂದು ಕಂಡದ್ದೆಲ್ಲ ಬೇಡದ ಕೆಲಸವಲ್ಲ ಎಂದು ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ, ನಾನೂ ಯಾರಿಗೂ ಕಲಿಸಲಿಲ್ಲ. ಜಯಮ್ಮನ ಬೆರಳಿನ ಊತ ಮಾತ್ರ ನಿಜವಾದದ್ದೇ. ಅದಕ್ಕೇ ಮುಂದಿನ ಚಳಿಗಾಲದಲ್ಲಿ ಮೆಷಿನ್ ಮತ್ತೆ ಅವರ ಮನೆ ಸೇರಿತು. ದಿನವೂ ಓಡುತ್ತದೆ. ಲಕ್ಷ್ಮೀದೇವಮ್ಮ ಬರುವ ದಿನ ಮಾತ್ರ ಅದಕ್ಕೆ ಹಳೇ ಸೀರೆ ಹೊದಿಸಿ ಅಟ್ಟಕ್ಕೆ ಏರಿಸುತ್ತಾರೆ. ನಾನು ಮಾಡಿದ ಕೆಲಸವನ್ನು ಬಚ್ಚಿಡುವ ಮನೆ ಈ ತಾಲ್ಲೂಕಿನಲ್ಲಿ ಅದೊಂದೇ.