ಕನ್ನಡಿಯ ಹಿಂದಿನ ಹಸಿರು ಬಳೆಗಳು

ಮೊನ್ನೆ ಅಂಗಡಿಗೆ ಸುಣ್ಣ ಬಳಿಸಬೇಕೆಂದು ಗೋಡೆಯ ದೊಡ್ಡ ಕನ್ನಡಿಯನ್ನು ಇಳಿಸಿದೆವು. ಅದರ ಹಿಂದೆ ಒಂದು ಮೊಳೆ. ಮೊಳೆಗೆ ಕೆಂಪು ದಾರದಲ್ಲಿ ಪೋಣಿಸಿ ತೂಗುಹಾಕಿದ ಹಸಿರು ಗಾಜಿನ ಬಳೆಗಳು. ಧೂಳು ಊದಿದೆ. ಬ್ಯಾಡಗಿಯ ಧೂಳೆಂದರೆ ಬರೀ ಮಣ್ಣಲ್ಲ, ಅರ್ಧ ಮೆಣಸಿನಕಾಯಿ. ನೇರ ಕಣ್ಣಿಗೆ ಹೋಗಿ ನೀರು ಸುರಿಯಿತು. ಸೊಸೆ ನಕ್ಕಳು.

"ಹಳೇ ಮಾಲು ಕಾಣಸ್ತೈತಿ. ತಿಪ್ಪಿಗೆ ಒಗೀಲೇನಮ್ಮಾ?" ಅಂದಳು.

ನಾನು ಧೂಳಿನ ನೆಪದಲ್ಲಿ ಇನ್ನಷ್ಟು ಹೊತ್ತು ಕಣ್ಣೊರೆಸಿಕೊಂಡೆ.

ಅವು ಮಿಲ್ಟ್ರಿ ಅಕ್ಕನ ಬಳೆಗಳು. ಎಂಬತ್ತರ ದಶಕದಲ್ಲಿ ನಾನು ಈ ಮನೆಗೆ ಸೊಸೆಯಾಗಿ ಬಂದು ಬಳೆ ಅಂಗಡಿಯಲ್ಲಿ ಕೂತಾಗ ಆಕೆ ನಮ್ಮ ಎದುರು ಮನೆಯಲ್ಲಿ ಅತ್ತೆಯ ಜೊತೆ ಬಾಡಿಗೆಗೆ ಇದ್ದಳು. ಗಂಡ ಸೈನ್ಯದಲ್ಲಿದ್ದ, ಅದಕ್ಕೇ ಓಣಿಗೆಲ್ಲ ಮಿಲ್ಟ್ರಿ ಅಕ್ಕ. ಮೆಣಸಿನಕಾಯಿ ಅಂಗಳದಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಕೂತಲ್ಲಿ ಕೂರುವ ಜೀವವೇ ಅಲ್ಲ. ಬಳೆ ಇಡಿಸಿಕೊಳ್ಳುವಾಗಲೂ ನಿಂತೇ ಇರುವಳು, ಒಂದು ಕಣ್ಣು ರಸ್ತೆಯ ಮೇಲೆ. "ಕುಂದ್ರಕ್ಕಾ, ಸ್ಟೂಲೇನು ಕಚ್ಚೂದಿಲ್ಲ" ಎಂದು ನಾನು ರೇಗಿಸುತ್ತಿದ್ದೆ. ನನ್ನ ಬಾಯಿ ಆಗಿನಿಂದಲೂ ಜೋರು. ಬಳೆ ಇಟ್ಟ ಮೇಲೆ ನಮ್ಮ ಕಡೆ ಹೆಂಗಸರು ಬಳೆಗಾರರಿಗೆ ಕೈಮುಗಿಯುತ್ತಾರಲ್ಲ, ವಯಸ್ಸಿನಲ್ಲಿ ಕಿರಿಯಳಾದ ನನಗೆ ಆಕೆ ಬಗ್ಗಿ ಕೈಮುಗಿದಾಗ ನಾನು ನಾಚಿಕೊಳ್ಳುತ್ತಿದ್ದೆ.

ಒಂದು ಚಳಿಗಾಲದಲ್ಲಿ ಸೈನ್ಯದಿಂದ ತಂತಿ ಬಂತು. ಉತ್ತರದ ಗಡಿಯಲ್ಲಿ ಹಿಮ ಕುಸಿದು ಆಕೆಯ ಗಂಡ ಕಾಣೆಯಾಗಿದ್ದ. ಹುಡುಕುತ್ತಿದ್ದಾರೆ ಎಂದರು. ಆಮೇಲೆ, ಹುಡುಕಿದರು, ಸಿಗಲಿಲ್ಲ ಎಂದರು. ಅತ್ತೆ ಒಂದೇ ಮಾತು ಹಿಡಿದು ಕೂತಳು: "ಸಿಗಲಿಲ್ಲ ಅಂದ್ರ ಇದ್ದಾನ ಅಂತ ಆತು." ಆ ಮಾತಿಗೆ ಎದುರಾಡುವ ಧೈರ್ಯ ಓಣಿಯಲ್ಲಿ ಯಾರಿಗೂ ಬರಲಿಲ್ಲ, ನನ್ನಂಥ ಬಾಯಿಬಡಕಿಗೂ.

ಆಗ ರಾಣೆಬೆನ್ನೂರಿನಲ್ಲಿ ಒಬ್ಬ ಸುಬೇದಾರ ಕಾಕಾ ಇದ್ದರು. ನಿವೃತ್ತರಾಗಿ ಬಂದವರು. ಮಾಜಿ ಸೈನಿಕರ ಮನೆಗಳಿಗೆ, ಗಂಡ ಕಳೆದುಕೊಂಡ ಹೆಂಗಸರ ಮನೆಗಳಿಗೆ ಸರಕಾರದ ಹೊಸ ಸವಲತ್ತುಗಳ ಸುದ್ದಿ ಮುಟ್ಟಿಸುವುದೇ ಅವರ ಕೆಲಸ. ಯಾರೂ ಹೇಳಿದ್ದಲ್ಲ, ಸಂಬಳವೂ ಇಲ್ಲ. ಸಂತೆಯ ದಿನ ಬಸ್ಸಿಳಿದು ನಮ್ಮ ಅಂಗಡಿಯಲ್ಲಿ ನೀರು ಕುಡಿದು, ರೇಡಿಯೋದಲ್ಲಿ ವಾರ್ತೆ ಓದುವವರ ಗತ್ತಿನಲ್ಲಿ ಹೇಳುತ್ತಿದ್ದರು. ಒಂದು ದಿನ ಅಕ್ಕನನ್ನು ಅಂಗಡಿಗೇ ಕರೆಸಿದರು.

"ತಂಗಿ, ಇಷ್ಟು ದಿನ ಪತ್ತೆ ಇಲ್ಲಂದ್ರ ತೀರಿಕೊಂಡಂಗ ಅಂತ ಹಿಡದು ಪಿಂಚಣಿ ಕೊಡ್ತಾರ. ಆದ್ರ ನೀ ಧಾರವಾಡದ ಆಫೀಸಿಗೆ ಬಂದು ಗಂಡ ಇಲ್ಲ ಅಂತ ಹೇಳಬೇಕು. ಹಸರ ಬಳಿ ಹಾಕ್ಕೊಂಡು ಬಂದ್ರ ಯಾರು ನಂಬತಾರ?"

ಅಕ್ಕ ನಿಂತಲ್ಲಿಂದಲೇ ತಿರುಗಿ ಮನೆಗೆ ಹೋದಳು. ಬಹಳ ದಿನ ಕಾಕಾನ ಮುಖ ಕಂಡರೆ ಬಾಗಿಲು ಹಾಕಿಕೊಳ್ಳುವಳು. ಆದರೆ ಅತ್ತೆಗೆ ದಮ್ಮಿನ ಕಾಯಿಲೆ. ತೊಟ್ಟು ಬಿಡಿಸಿದ ಕೂಲಿಯಲ್ಲಿ ಔಷಧ ತಂದರೆ ಅಕ್ಕಿ ಇಲ್ಲ, ಅಕ್ಕಿ ತಂದರೆ ಔಷಧ ಇಲ್ಲ. ಕೊನೆಗೆ ಒಂದು ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಬಂದು ನಿಂತಳು. ಎರಡೂ ಕೈ ಮುಂದೆ ಚಾಚಿದಳು.

"ಒಡೀದಂಗ ತಗೀತೀಯೇನು? ಸಂಜೀಕ ಬಂದು ಮತ್ತ ಹಾಕ್ಕೋತೇನಿ. ಬರೂತನಕ ಇಟ್ಟಿರವಾ."

ಬಳೆ ಇಡುವ ಕೈ ನಮ್ಮದು. ಮುತ್ತೈದೆಯ ಕೈಯಿಂದ ಬಳೆ ತೆಗೆದು ಬರಿಗೈ ಮಾಡಿ ಕಳಿಸುವ ಕೆಲಸವನ್ನು ನಮ್ಮ ಮನೆಯಲ್ಲಿ ಯಾರೂ ಮಾಡಿದ್ದಿಲ್ಲ. ಆದರೂ ಸಾಬೂನಿನ ನೀರು ತಂದೆ. ಹೆಬ್ಬೆರಳಿನ ಬುಡ ಒತ್ತಿ, ಅಂಗೈ ಮಡಚಿ, ಒಂದೊಂದಾಗಿ ಜಾರಿಸಿ ತೆಗೆದು, ಕೆಂಪು ದಾರಕ್ಕೆ ಪೋಣಿಸಿ ಕನ್ನಡಿಯ ಹಿಂದೆ ಬಚ್ಚಿಟ್ಟೆ. ಸಂಜೆ ಬಂದಳು, ಹಾಕಿದೆ. ಅತ್ತೆಯ ಕಣ್ಣಿಗೆ ಬೆಳಿಗ್ಗೆ ಹೊರಟ ಸೊಸೆಯೇ ಸಂಜೆ ಮರಳಿದಳು. ಪಿಂಚಣಿ ಬರತೊಡಗಿದಾಗ ಅದು ಮಗನ ಪಗಾರವೆಂದೇ ಆ ಮುದುಕಿ ತಿಳಿದಳು. ನಾವು ಯಾರೂ ತಿದ್ದಲಿಲ್ಲ.

ಆ ದಿನ ಆಫೀಸಿನಲ್ಲಿ ಏನಾಯಿತೆಂದು ಕೇಳಿದ್ದಕ್ಕೆ ಅಕ್ಕ ನಕ್ಕಳು. "ಅಂವಾ ಬರಕೋತ ಕುಂತಿದ್ದ. ನನ್ನ ಮಾರೀನ ನೋಡಲಿಲ್ಲ, ಇನ್ನ ಕೈ ಎಲ್ಲಿ ನೋಡ್ತಾನ?"

ಕಾಕಾನ ಎಣಿಕೆಯೇ ತಪ್ಪಾಗಿತ್ತು. ಬಳೆಯ ಉಸಾಬರಿ ಅಲ್ಲಿ ಯಾರಿಗೂ ಇರಲಿಲ್ಲ. ಇನ್ನು ಈ ಕಾಟ ತಪ್ಪಿತು ಎಂದುಕೊಂಡೆ. ಆದರೆ ವರ್ಷ ಕಳೆದು, ಹಾವೇರಿಯ ಬ್ಯಾಂಕಿನಲ್ಲಿ ಪಿಂಚಣಿಗಾಗಿ ವರ್ಷಕ್ಕೊಮ್ಮೆ ಹಾಜರಿ ಕೊಡುವ ದಿನ ಬಂದಾಗ ಅಕ್ಕ ಮತ್ತೆ ಕೈ ಚಾಚಿ ನಿಂತಳು. ನನಗೆ ಸಿಟ್ಟು ಬಂತು.

"ಅಲ್ಲಿ ಯಾರೂ ನೋಡೂದಿಲ್ಲ ಅಂತ ನೀನ ಹೇಳಿದಿ. ಮತ್ತ್ಯಾಕ ಈ ಉಪದ್ವ್ಯಾಪ?"

"ಗಂಡ ಇಲ್ಲ ಅಂತ ಹೇಳಾಕ ಹೊಂಟೇನಿ. ಬಳಿ ಕೈಯಾಗ ಇಟ್ಕೊಂಡು ಹ್ಯಾಂಗ ಹೇಳ್ಲಿ ತಂಗಿ?"

ಒಮ್ಮೆ ಕೇಳಿಯೂ ಬಿಟ್ಟೆ, ನಿನ್ನ ಮನಸ್ಸಿಗೆ ಏನನಿಸುತ್ತದೆ, ಇದ್ದಾನೋ ಇಲ್ಲವೋ ಎಂದು. ಆಕೆ ರಸ್ತೆ ನೋಡುತ್ತಲೇ ಹೇಳಿದಳು: "ಬಸ್ಸಿನ್ಯಾಗ ಹೋಗೂ ಮುಂದ ಇಲ್ಲ ಅನಸ್ತೈತಿ. ನೀ ಬಳಿ ಹಾಕಿದ ಕೂಡ್ಲೆ ಇದ್ದಾನ ಅನಸ್ತೈತಿ. ಒಂದ ಕಡೆ ನಿಲ್ಲವಲ್ದು ಜೀವ."

ಹೀಗೆಯೇ ವರ್ಷಗಳು ಕಳೆದವು. ಪಂಚಮಿಗೆ ಹೊಸ ಬಳೆ, ಬ್ಯಾಂಕಿನ ದಿನ ಬರಿಗೈ, ಸಂಜೆ ಮತ್ತೆ ಅದೇ ಬಳೆ. ಪ್ರತಿ ಸಲವೂ "ಬರೂತನಕ ಇಟ್ಟಿರವಾ." ಆಕೆ ಬರುವವರೆಗೆ ನನಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗಿರಾಕಿ ಕೆಂಪು ಕೇಳಿದರೆ ನೀಲಿ ತೆಗೆದುಕೊಡುತ್ತಿದ್ದೆ, ಮಾತುಮಾತಿಗೆ ಕನ್ನಡಿಯ ಹಿಂದೆ ಕೈ ಹಾಕಿ ನೋಡುತ್ತಿದ್ದೆ...

ತೊಂಬತ್ತರ ದಶಕದ ನಡುವಿರಬೇಕು. ಅಂಥದೇ ಒಂದು ದಿನ ಅಕ್ಕ ಹಾವೇರಿಗೆ ಹೋಗಿದ್ದಳು. ಸಂತೆಯ ದಿನವಲ್ಲ, ಆದರೂ ಸುಬೇದಾರ ಕಾಕಾ ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ. ಹಿಮ ಸರಿದ ಕಡೆ ದೇಹ ಸಿಕ್ಕಿದೆ, ಊರಿಗೆ ಕಳಿಸುತ್ತಾರೆ ಎಂದರು. ಅವರ ದನಿಯಲ್ಲಿ ವಾರ್ತೆಯ ಗತ್ತು ಇರಲಿಲ್ಲ. ನಾವಿಬ್ಬರೂ ರಸ್ತೆ ನೋಡುತ್ತ ಕೂತೆವು. ಹಾವೇರಿಯ ಬಸ್ಸು ಬಂದು ಹೋಯಿತು, ಇನ್ನೊಂದು ಬಂತು.

ಅಕ್ಕ ಇಳಿದವಳೇ ದಡದಡನೆ ಬಂದು ಕೈ ಚಾಚಿದಳು. "ಹಾಕು ಲಗೂ. ಅತ್ತಿ ದಾರಿ ಕಾಯಾಕತ್ತಿರ್ತಾಳ." ಆಗ ಕಾಕಾನನ್ನು ಕಂಡಳು. ಕಾಕಾ ಎದ್ದು ನೆಟ್ಟಗೆ ನಿಂತರು.

"ತಂಗಿ, ಅವನ ದೇಹ ಸಿಕ್ಕೈತಿ. ಮುಂಗೈಗೆ ಕಟ್ಟಿದ್ದ ಮಿಲ್ಟ್ರಿ ನಂಬರಿನ ತಗಡಿನ ಬಿಲ್ಲಿ ಹಂಗ ಇತ್ತಂತ. ಅದರ ಮ್ಯಾಲೆ ಗುರ್ತ ಹಿಡದಾರ."

ಅಕ್ಕ ಕೂತಳು. ಅಷ್ಟು ವರ್ಷಗಳಲ್ಲಿ ಆಕೆ ನನ್ನ ಅಂಗಡಿಯಲ್ಲಿ ಕೂತದ್ದು ಅದೇ ಮೊದಲು. ತನ್ನ ಬರಿಯ ಮುಂಗೈಯನ್ನೇ ನೋಡುತ್ತಿದ್ದಳು. ಅಳುತ್ತಾಳೆಂದು ಕಾದೆ. ಅಳಲಿಲ್ಲ, ಮತ್ತೆ ಕೈ ಚಾಚಿದಳು.

"ಹಾಕು."

"ಇನ್ನ ಮ್ಯಾಲೆ ಹ್ಯಾಂಗ ತಂಗಿ..." ಎಂದರು ಕಾಕಾ.

"ಬರಿಗೈಲೆ ಒಳಗ ಹೋದ್ರ ಬಾಗಲದಾಗ ಆ ಮುದುಕಿ ಜೀವ ಹೋಗ್ತೈತಿ ಕಾಕಾ. ನಾ ಬಾಯಿಲೆ ಹೇಳ್ತೇನಿ. ಕೈ ಹೇಳೂದು ಬ್ಯಾಡ."

ಹಾಕಿದೆ. ಗಂಡ ಸತ್ತ ಸುದ್ದಿ ಕೇಳಿದವಳಿಗೆ ಬಳೆ ಇಟ್ಟಳು ಎಂದು ಆಮೇಲೆ ಓಣಿಯವರು ನನ್ನನ್ನು ಬೇಕಾದಷ್ಟು ಆಡಿಕೊಂಡರು. ಆಡಿಕೊಳ್ಳಲಿ. ಇವತ್ತು ಕೈ ಚಾಚಿದರೂ ಹಾಕುತ್ತೇನೆ. ಅಕ್ಕ ಎದ್ದು ಅರ್ಧ ರಸ್ತೆ ದಾಟಿದವಳು ಏನೋ ನೆನಪಾಗಿ ತಿರುಗಿ ಬಂದು, ನನಗೆ ಕೈಮುಗಿದು ಹೋದಳು. ಸ್ವಲ್ಪ ಹೊತ್ತಿನ ಮೇಲೆ ಎದುರು ಮನೆಯಿಂದ ಮುದುಕಿಯ ಕೂಗು ಕೇಳಿಸಿತು.

ಹೊಸರಿತ್ತಿಯ ಕಡೆ ಅವರ ಊರು. ಪೆಟ್ಟಿಗೆ ಅಲ್ಲಿಗೇ ಬಂತು. ನಾನೂ ಹೋಗಿದ್ದೆ. ಬಂದೂಕು ಹಾರಿಸಿದರು, ಬಾವುಟ ಮಡಚಿ ಕೈಗಿಟ್ಟರು. ಪೆಟ್ಟಿಗೆ ತೆರೆಯಲಿಲ್ಲ. ಮುದುಕಿ ಅದರ ಮೇಲೆ ಕೈಯಾಡಿಸುತ್ತ, "ಒಳಗ ಥಂಡಿ ಐತೇನೋ ನನ್ನಪ್ಪಾ" ಎಂದು ಒಂದೇ ಸಮನೆ ಕೇಳುತ್ತಿದ್ದಳು. ಮಣ್ಣಾದ ಮೇಲೆ ಹಿರಿಯ ಹೆಂಗಸರು ಬಳೆ ಒಡೆಯಲು ಕಲ್ಲು ಹಿಡಿದು ಬಂದರು. ಅಕ್ಕ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡುಬಿಟ್ಟಳು.

"ಒಡೀಬ್ಯಾಡ್ರಿ. ಹಾಕಿದಾಕಿ ಇಲ್ಲೇ ಅದಾಳ, ಆಕೀನ ತಗೀಲಿ."

ಗುಸುಗುಸು ಎದ್ದಿತು. ಬಳೆಗಾರಳು, ಅದರಲ್ಲೂ ಮುಸಲ್ಮಾನರಾಕೆ, ಇದು ಎಲ್ಲಿಯ ಪದ್ಧತಿ ಎಂದು ಒಬ್ಬರು ಕೇಳಿಯೇ ಬಿಟ್ಟರು. ಆಗ ಮುದುಕಿ ತಲೆಯೆತ್ತಿ, "ಬಾರವಾ" ಎಂದು ನನ್ನನ್ನು ಕರೆದಳು. ಸಾಬೂನಿನ ನೀರು ತರಿಸಿದೆ. ಒಂದೊಂದಾಗಿ ತೆಗೆದೆ, ಒಂದೂ ಒಡೆಯಲಿಲ್ಲ. ಅಕ್ಕ ಅವನ್ನು ನನ್ನ ಅಂಗೈಯಲ್ಲೇ ಮುಚ್ಚಿ ಹಿಡಿದು, "ಇಟ್ಟಿರವಾ" ಅಂದಳು. ಬರೂತನಕ ಎನ್ನಲಿಲ್ಲ.

ಮರುವರ್ಷ ಬ್ಯಾಂಕಿನ ದಿನ. ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದೆ. ಅಕ್ಕ ಬಸ್ಸಿಗೆ ಹೋಗುವ ದಾರಿಯಲ್ಲಿ ಒಳಗೆ ಬಂದು ಎಂದಿನಂತೆ ಎರಡೂ ಕೈ ಚಾಚಿದಳು. ನಾನೂ ಎಂದಿನಂತೆ ನೀರಿನ ತಂಬಿಗೆಗೆ ಕೈ ಹಾಕಿದೆ. ಆಮೇಲೆ ಇಬ್ಬರೂ ಆ ಬರಿಗೈ ನೋಡಿದೆವು... ಅವತ್ತು ಆಕೆ ಅತ್ತಳು. ನಾನೂ ಅತ್ತೆ. ಬಸ್ಸು ತಪ್ಪಿತು.

ಮುದುಕಿ ತೀರಿದ ಮೇಲೆ ಅಕ್ಕ ಊರು ಸೇರಿದಳು. ಸುಬೇದಾರ ಕಾಕಾ ಹೋದರು. ಈಗ ಕೆಲವು ವರ್ಷಗಳ ಹಿಂದೆ ಅಕ್ಕನೂ ಹೋದಳು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣು ಒಣಗಿತ್ತು. ಬಳೆ ಹಿಡಿದುಕೊಂಡು ಹೋಗಿದ್ದರೆ ಯಾರ ಕೈಗೆ ಕೊಡುತ್ತಿದ್ದೆನೋ ಗೊತ್ತಿಲ್ಲ. ಆಕೆ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೂ ಹಾವೇರಿಯ ಬಸ್ಸು ನಿಂತ ಸದ್ದಾದರೆ ಇವತ್ತಿಗೂ ತಲೆಯೆತ್ತಿ ನೋಡುತ್ತೇನೆ.

ಸುಣ್ಣ ಒಣಗಿತು. ಕನ್ನಡಿ ತೂಗುಹಾಕುವ ಮೊದಲು ಸೊಸೆ ಮತ್ತೆ ಆ ದಾರ ಎತ್ತಿ ಹಿಡಿದಳು. "ಇವನ್ನೇನು ಮಾಡ್ಲಿ ಅಮ್ಮಾ? ಯಾರವರ ಇವು?"

"ಅದ ಮೊಳಿಗೆ ಹಾಕು," ಅಂದೆ. "ಒಬ್ಬಾಕಿ ಇಟ್ಟು ಹೋಗ್ಯಾಳ. ಬರೂತನಕ ಇರ್ಲಿ."