ಕಿಂಡಿಯಲ್ಲಿ ಕಂಡ ಕಪ್ಪು

ಬೀದಿಗೆಲ್ಲ ಅವಳು ‘ಕ್ಯಾಮೆರಾ ಅಕ್ಕ’. ಅಪ್ಪನಿಂದ ಕಲಿತ ರಿಪೇರಿ ಕೆಲಸವನ್ನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನಡೆಸಿಕೊಂಡು ಬಂದಿದ್ದಳು. ಫೋಟೊ ತೆಗೆಯುವ ಹುಚ್ಚು ತಮ್ಮನ ಪಾಲಿಗೆ ಬಂದಿತ್ತು. ಎಲ್ಲರೂ ಬಿಟ್ಟ ರೀಲ್ ಕ್ಯಾಮೆರಾವನ್ನೇ ಹಿಡಿದು ಅವನು ಮದುವೆಮನೆಗಳಿಗೆ ಹೋಗುತ್ತಿದ್ದ. ಬ್ಯಾಟರಿ ಇಲ್ಲದಿದ್ದರೆ ಮಿಸುಕದ ಹಳೆಯ ಎಲೆಕ್ಟ್ರಾನಿಕ್ ಕ್ಯಾಮೆರಾ ಅದು. ಅದರ ಬಿಡಿಭಾಗಗಳನ್ನು ಈಗ ಯಾರೂ ಮಾಡುವುದಿಲ್ಲ.

ಒಂದು ಬೆಳಿಗ್ಗೆ ಅದನ್ನು ಅಕ್ಕನ ಮೇಜಿನ ಮೇಲಿಟ್ಟು, ವ್ಯೂಫೈಂಡರಿನ ಮೂಲೆಯಲ್ಲಿ ಕಪ್ಪು ಕಾಣುತ್ತಿದೆ, ನಾಳಿದ್ದು ಮದುವೆಯೊಂದಿದೆ ಎಂದ. ಅವಳೂ ಕಿಂಡಿಗೆ ಕಣ್ಣಿಟ್ಟಳು. ಕಲೆ ಇದ್ದದ್ದು ನಿಜ. ನೋಟವನ್ನು ಕಣ್ಣಿಗೆ ತಿರುಗಿಸಿಕೊಡುವ ಗಾಜಿನ ಪ್ರಿಸಂ ಮೇಲಿದ್ದ ಸ್ಪಂಜು ಕೊಳೆತು, ಗಾಜಿನ ಬೆಳ್ಳಿ ಲೇಪವನ್ನು ತಿಂದುಹಾಕಿತ್ತು.

ಪ್ರಿಸಂ ಬದಲಿಸಬೇಕು. ಆದರೆ ಅದರ ಮೇಲೆ ಸರ್ಕ್ಯೂಟಿನ ಪಟ್ಟಿ ಹೊದಿಕೆಯಂತೆ ಕೂತಿತ್ತು. ಈರುಳ್ಳಿ ಸಿಪ್ಪೆಯಷ್ಟು ತೆಳು. ಒಂದು ಗೆರೆ ಸೀಳಿದರೂ ಕ್ಯಾಮೆರಾ ಬರೀ ಕಲ್ಲು. ಅವಳು ಫ್ಯಾನ್ ಆರಿಸಿದಳು. ಬೆಸುಗೆಗಳನ್ನು ಬಿಡಿಸಿ ಪಟ್ಟಿಯನ್ನು ಚಿಮಟದಲ್ಲಿ ಎತ್ತತೊಡಗಿದಳು. ಹಿಂದೆ ನಿಂತು ಕಾಲು ಬದಲಿಸುತ್ತಿದ್ದ ತಮ್ಮನಿಗೆ, ನಿನ್ನ ನಿಟ್ಟುಸಿರಿಗೇ ಇದು ಹರಿದೀತು, ದೂರ ಕೂತ್ಕೋ ಎಂದು ಗದರಿದಳು. ಅದೇ ಮಾದರಿಯ ಕೆಟ್ಟ ಕ್ಯಾಮೆರಾದಿಂದ ತೆಗೆದ ಪ್ರಿಸಂ ಕೂರಿಸಿ, ಮತ್ತೆ ಬೆಸೆದು, ಬ್ಯಾಟರಿ ಹಾಕಿದಳು. ಕಿಂಡಿಯೊಳಗೆ ಕೆಂಪು ದೀಪ ಹೊತ್ತಿತು. ನೋಟ ತೊಳೆದಿಟ್ಟಂತಿತ್ತು. ಹೋದ ಜೀವ ಬಂದಂತಾಯಿತು.

ತಮ್ಮ ನೋಡಿದ. “ಹೋಗಿಲ್ವಲ್ಲ ಅಕ್ಕಾ. ಪರದೆ ಇಳಿಬಿಟ್ಟ ಹಾಗೆ ಅಲ್ಲೇ ಇದೆ.”

ಅವಳು ಕಸಿದುಕೊಂಡು ನೋಡಿದಳು. ಏನೂ ಇಲ್ಲ. ತನ್ನ ಕೆಲಸದ ಮೇಲೇ ಅನುಮಾನಪಟ್ಟು ಗಾಜು ಒರೆಸಿ ಮತ್ತೆ ನೋಡಿದಳು. ಆಮೇಲೆ ಕ್ಯಾಮೆರಾವನ್ನು ಮತ್ತೆ ಅವನ ಕೈಗಿಟ್ಟಳು.

“ಎಡಗಣ್ಣಲ್ಲಿ ನೋಡು.”

ಅವನು ಕಣ್ಣು ಬದಲಿಸಿದ. ತುಂಬ ಹೊತ್ತು ಕ್ಯಾಮೆರಾ ಕೆಳಗಿಳಿಸಲಿಲ್ಲ. “ಇದರಲ್ಲಿ ಕಾಣ್ತಿಲ್ಲ.”

“ಹಾಗಾದ್ರೆ ಅದು ಕ್ಯಾಮೆರಾದಲ್ಲಿಲ್ಲ ಕಣೋ. ನಡಿ.”

ಮದುವೆ ಮುಗಿಸಿಕೊಂಡು ಹೋದರಾಯಿತು ಎಂದು ಅವನು ರಾಗ ಎಳೆದ. ಅವಳು ಕಿವಿಗೇ ಹಾಕಿಕೊಳ್ಳದೆ, ಆ ಕೆಲಸಕ್ಕೆ ಅವನ ಗೆಳೆಯನನ್ನು ಒಪ್ಪಿಸಿ, ತಮ್ಮನನ್ನು ಕಣ್ಣಾಸ್ಪತ್ರೆಗೆ ಎಳೆದೊಯ್ದಳು. ಬಲಗಣ್ಣಿನ ಒಳಪೊರೆ, ಅಂದರೆ ರೆಟಿನಾ, ಕಿತ್ತುಬರುತ್ತಿದೆ, ಇವತ್ತೇ ಆಪರೇಷನ್ ಆಗಬೇಕು ಎಂದರು ಡಾಕ್ಟರು.

ಹೊರಗಿನ ಬೆಂಚಿನಲ್ಲಿ ಅವಳ ಕೈ ಒಂದೇ ಸಮನೆ ಸೆರಗು ಹಿಂಡುತ್ತಿತ್ತು. ತನ್ನ ಮೇಜಿನ ಮುಂದಾದರೆ ಹೆದರಿಕೆಯನ್ನು ಬೆರಳಿಗೆ ಇಳಿಸಬಹುದಿತ್ತು. ಇಲ್ಲಿ ಬೆರಳಿಗೆ ಕೆಲಸವೇ ಇರಲಿಲ್ಲ. ತಮ್ಮನ ಹೆಂಡತಿ ಓಡಿಬಂದು ಏನಾಯಿತೆಂದು ಕೇಳಿದಾಗ ಆಪರೇಷನ್ ಕೋಣೆಯ ಬಾಗಿಲಿನತ್ತ ಕೈ ತೋರಿಸಿದಳು.

ಕಣ್ಣು ಉಳಿಯಿತು, ಪೂರ್ತಿಯಾಗಲ್ಲ. ಆ ಕಣ್ಣಿಗೆ ನೆಟ್ಟಗಿನ ಗೋಡೆಯೂ ಡೊಂಕಾಗಿ ಕಾಣುತ್ತದೆ. ಕ್ಯಾಮೆರಾವನ್ನು ಎಡಗಣ್ಣಿಗೆ ಹಿಡಿದರೆ ರೀಲ್ ಸರಿಸುವ ಕಡ್ಡಿ ಹುಬ್ಬಿಗೆ ತಿವಿಯುತ್ತದೆಂದು ತಮ್ಮ ಗೊಣಗುತ್ತಾನೆ. ಅವನು ಅಂಗಡಿಗೆ ಬಂದಾಗಲೆಲ್ಲ ಅಕ್ಕ ಒಂದೊಂದೇ ಕಣ್ಣು ಮುಚ್ಚಿಸಿ, ಎಷ್ಟು ಬೆರಳು ಎಂದು ಕೇಳುತ್ತಾಳೆ. ಅವನು ಬೇಕೆಂದೇ ತಪ್ಪು ಹೇಳಿ ನಗುತ್ತಾನೆ. ಅವಳು ನಗುವುದಿಲ್ಲ, ಇನ್ನೊಮ್ಮೆ ಕೇಳುತ್ತಾಳೆ.