ಮಾತ್ರೆ ಎದೆಯಲ್ಲಿ ನಿಂತ ದಿನ

ಬೆಳಿಗ್ಗೆ ಎದ್ದರೆ ಕಬ್ಬಿಣದ ಮಾತ್ರೆ, ಊಟವಾದ ಮೇಲೆ ವಿಟಮಿನ್, ನಡುವೆ ಎಲ್ಲೋ ಕ್ಯಾಲ್ಸಿಯಂ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಜಗಳವಾಡಿದ ಓರಗಿತ್ತಿಯರ ಹಾಗೆ, ಒಂದೇ ಹೊತ್ತಿಗೆ ಒಂದೇ ಹೊಟ್ಟೆಯಲ್ಲಿ ಇರಕೂಡದು. ಹೊಟ್ಟೆ ಅಂತ ಹೇಳುವುದು ಮಾತಿಗೆ. ನನಗೀಗ ಉಳಿದಿರುವುದು ಬಾಳೆಕಾಯಿ ಗಾತ್ರದ ಚೀಲ. ಮಿಕ್ಕದ್ದನ್ನು ತೂಕ ಇಳಿಸಲೆಂದು ಗೋವಾದ ಆಸ್ಪತ್ರೆಯೊಂದರಲ್ಲಿ ಕೊಯ್ದು ತೆಗೆಸಿಕೊಂಡೆ. ಈ ಚೀಲಕ್ಕೆ ಹಿಡಿಯುವ ಊಟದಲ್ಲಿ ಮೈಗೆ ಬೇಕಾದ ಸತ್ವ ಸಾಲದು. ಹಾಗಾಗಿ ಜೀವ ಇರುವ ತನಕ ಮಾತ್ರೆ.

ಇದು ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಅವನ ಕೆಲಸ ಮಲ್ಲಾಪುರದಲ್ಲಿ, ನಮ್ಮ ಮನೆ ಅಲ್ಲಿಯ ಕ್ವಾರ್ಟರ್ಸು. ಸಣ್ಣಗಾದೆಯಲ್ಲೇ ಎಂದು ಕೇಳಿದ ನೆರೆಮನೆಯವರಿಗೆಲ್ಲ ವಾಕಿಂಗ್ ಅಂದೆ. ಕೇಣಿಯ ತವರಿಗೆ ಪಿತ್ತಕೋಶದ ಕಲ್ಲು ತೆಗೆಸಿದೆ ಅಂದೆ. ನನ್ನ ಹೆತ್ತವಳು, ನಮ್ಮ ಆಯಿ, ಈಗಲೂ ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಾಳೆ. ಬುಟ್ಟಿ ಹೊತ್ತು ಹೊತ್ತು ನನ್ನ ಹೊಟ್ಟೆ ತುಂಬಿಸಿದವಳಿಗೆ, ಆ ಹೊಟ್ಟೆಯನ್ನೇ ದುಡ್ಡು ಕೊಟ್ಟು ಕೊಯ್ಸಿಕೊಂಡೆ ಎಂದು ಯಾವ ಮುಖ ಹೊತ್ತು ಹೇಳಲಿ? ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಿದ್ದೆ. ಪಾಪ, ಅವಳು ನಂಬಿದಳು. ಮತ್ತೆ ಕಲ್ಲು ಕಟ್ಟದಿರಲಿ ಎಂದು ಹುರುಳಿಯ ಕಟ್ಟನ್ನು ಸ್ಟೀಲ್ ಕ್ಯಾನಿನಲ್ಲಿ ಹಿಡಿದು, ಕಾರವಾರದಲ್ಲಿ ಬಸ್ಸು ಬದಲಿಸಿ ಮಲ್ಲಾಪುರಕ್ಕೆ ಬಂದಳು. ನಾನು ಒಂದು ಗುಟುಕು ಕುಡಿದು, ಉಳಿದದ್ದನ್ನು ಅವಳು ಹೋದ ಮೇಲೆ ಚೆಲ್ಲಿದೆ.

ಆಮೇಲೆ ತಂಗಿಯ ನಿಶ್ಚಯ ಬಂತು. ಹುಡುಗ ಕಾರವಾರದವನು, ಅವರದೂ ಮೀನಿನ ವ್ಯಾಪಾರದ ಮನೆ. ತಂಗಿ ತಾನೇ ಮೆಚ್ಚಿದವನು. ಎರಡೂ ಮನೆಯವರನ್ನು ಒಪ್ಪಿಸುವಷ್ಟರಲ್ಲಿ ಅವಳು ಪಟ್ಟ ಪಾಡು ನಾನು ಕಂಡಿದ್ದೆ. ಗಂಡಿನ ಕಡೆಯವರು ಕೇಣಿಗೆ ಬಂದು ಜಗಲಿಯಲ್ಲಿ ಕೂತರು. ವೀಳ್ಯ ಬದಲಾಯಿಸುವುದೊಂದು ಬಾಕಿ. ನನಗೆ ಕ್ಯಾಲ್ಸಿಯಂ ನುಂಗುವ ಹೊತ್ತಾಗಿತ್ತು.

ಅದು ದೊಡ್ಡ ಮಾತ್ರೆ. ಮುರಿದು, ಚೂರುಚೂರಾಗಿ, ಗುಟುಕು ಗುಟುಕು ನೀರಿನಲ್ಲಿ ನುಂಗಬೇಕೆಂದು ಡಾಕ್ಟರು ಹೇಳಿದ್ದರು. ಅಡುಗೆಮನೆಯ ಮೂಲೆಯಲ್ಲಿ ನಿಂತು ಮುರಿಯುತ್ತಿದ್ದಾಗ ಹುಡುಗನ ಸೋದರತ್ತೆ ನೀರು ಕೇಳಿಕೊಂಡು ಒಳಗೆ ಬಂದಳು. ಗಡಿಬಿಡಿಯಲ್ಲಿ ಇಡೀ ಮಾತ್ರೆಯನ್ನೇ ಬಾಯಿಗೆ ಹಾಕಿ ಗಟಗಟ ನೀರು ಕುಡಿದೆ. ಮಾತ್ರೆ ಎದೆಯ ನಡುವೆ ನಿಂತಿತು. ಬಿಸಿ ತುಪ್ಪದ ಗಾದೆ ಕಟ್ಟಿದವರು ಈ ಮಾತ್ರೆಯನ್ನು ನುಂಗಿ ನೋಡಬೇಕಿತ್ತು.

ಹಾಗೆ ನಿಂತರೆ ವಾಂತಿ ಬರುವುದಿಲ್ಲ, ಬಾಯಿ ತುಂಬ ಬಿಳಿ ನೊರೆ ಬರುತ್ತದೆ. ಹಿತ್ತಲಿಗೆ ಓಡಿ, ಬಟ್ಟೆ ಒಗೆಯುವ ಕಲ್ಲು ಹಿಡಿದು ಕುಸಿದೆ. ಕಣ್ಣಲ್ಲಿ ನೀರು, ಕೈಕಾಲು ನಡುಕ, ಉಗುಳಿದಷ್ಟೂ ನೊರೆ. ಹಿಂದೆಯೇ ಬಂದ ಸೋದರತ್ತೆ ಸೊಂಟದಿಂದ ಬೀಗದ ಕೈ ಗೊಂಚಲು ಕಿತ್ತು ನನ್ನ ಮುಷ್ಟಿಯೊಳಗೆ ತುರುಕಿದಳು.

"ಗಟ್ಟಿ ಹಿಡ್ಕ ತಂಗಿ. ಹೆದರ್ಬೇಡ, ಈಗ ಬಿಡ್ತದೆ."

ಕೈಗೆ ಕಬ್ಬಿಣ ಕೊಡುವುದು ಯಾವ ಕಾಯಿಲೆಗೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನನಗೆ ಮೂರ್ಛೆರೋಗವೆಂದು ಅವಳು ತಿಳಿದಿದ್ದಳು. ಅಲ್ಲ ಎನ್ನಲು ಬಾಯಿ ತೆರೆದರೆ ಮತ್ತೆ ನೊರೆಯೇ ಬಂತು.

ಮಾತ್ರೆ ಕೊನೆಗೂ ಜಾರಿತು. ಮುಖ ತೊಳೆದು ಒಳಗೆ ಬರುವಷ್ಟರಲ್ಲಿ ಸೋದರತ್ತೆ ಜಗಲಿಗೆ ಸುದ್ದಿ ಮುಟ್ಟಿಸಿಯಾಗಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು ಶಾಲು ಸರಿಮಾಡಿಕೊಳ್ಳುತ್ತ, "ಇವತ್ತು ಬಂದ್ಹೋದ ಲೆಕ್ಕ ಆಗ್ಲಿ. ವೀಳ್ಯದ್ದು ಮುಂದೆ ನೋಡ್ವ" ಅಂದರು. ಅಕ್ಕನಿಗಿರುವ ರೋಗ ತಂಗಿಗೂ ಇರಬಹುದು ಎಂದು ಅವರು ಬಿಡಿಸಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮೂರ್ಛೆಯಿದ್ದರೆ ತಾನೇ ಏನು, ಅದಕ್ಕೂ ಮಾತ್ರೆಯಿದೆ ಎಂದು ಇವತ್ತಾದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಆಗ ನನಗೆ ಕಂಡದ್ದು ಬಾಗಿಲ ಸಂದಿಯಲ್ಲಿ ನಿಂತ ತಂಗಿಯ ಮುಖ. ನನ್ನೊಡನೆ ಬಂದಿದ್ದ ಗಂಡ ನನ್ನನ್ನೇ ನೋಡುತ್ತಿದ್ದ. ಯಾರಿಗೂ ಹೇಳಬಾರದೆಂದು ಅವನಿಂದ ನಾನು ಆಣೆ ಹಾಕಿಸಿಕೊಂಡಿದ್ದೆ.

ಒಂದು ಗಳಿಗೆ ನನ್ನ ಮನಸ್ಸಿಗೆ ಬಂದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಮೂರ್ಛೆ ಅಂತಲೇ ಇರಲಿ, ಅದು ತಾನಾಗಿ ಬರುವ ರೋಗ, ಯಾರೂ ನನ್ನನ್ನು ಆಡಿಕೊಳ್ಳುವುದಿಲ್ಲ ಅನ್ನಿಸಿತ್ತು. ತಂಗಿಯ ಮದುವೆ ಮುರಿಯುವುದಕ್ಕಿಂತ, ತಿನ್ನುವ ಬಾಯಿ ಕಟ್ಟಲಾರದೆ ಹೊಟ್ಟೆ ಕೊಯ್ಸಿಕೊಂಡವಳು ಅನ್ನಿಸಿಕೊಳ್ಳುವುದೇ ನನಗೆ ಆ ಗಳಿಗೆಯಲ್ಲಿ ದೊಡ್ಡದಾಗಿತ್ತು.

ಹಿರಿಯರು ಚಪ್ಪಲಿ ಹುಡುಕಲು ಬಗ್ಗಿದಾಗ ಬಾಯಿ ಬಿಟ್ಟೆ. "ನಂಗೆ ಮೂರ್ಛೆ ಇಲ್ಲ. ದಪ್ಪ ಇದ್ದೆ ಹೇಳಿ ಹೊಟ್ಟೆ ಆಪರೇಶನ್ ಮಾಡ್ಸಕಂಡೆ. ಮಾತ್ರೆ ಸಿಕ್ಕಬಿದ್ದು ನೊರೆ ಬಂತು." ನಂಬಲಿಕ್ಕಿಲ್ಲವೆಂದು ಒಳಗಿಂದ ಮಾತ್ರೆಗಳನ್ನೆಲ್ಲ ತಂದು ಚಾಪೆಯ ಮೇಲೆ ಸುರಿದೆ. ಗಂಡ ಡಾಕ್ಟರ ಚೀಟಿಯನ್ನು ಮೊಬೈಲಿನಲ್ಲಿ ತೋರಿಸಿದ. ಅದು ಕೈಯಿಂದ ಕೈಗೆ ಹೋಯಿತು. ನನ್ನ ಹಳೆಯ ತೂಕವನ್ನು ಯಾರೋ ಗಟ್ಟಿಯಾಗಿ ಓದಿದರು. ನೆಲ ಬಿರಿದು ನುಂಗಬಾರದೇ ಅನ್ನಿಸಿತು.

"ಇಷ್ಟೇಯಾ?" ಸೋದರತ್ತೆ ಉಸಿರು ಬಿಟ್ಟು ನಕ್ಕಳು. "ಅಲ್ಲ ಮಾರಾಯ್ತಿ, ಕೊಯ್ಸೂ ಬದ್ಲಿ ಎರಡು ತುತ್ತು ಕಮ್ಮಿ ತಿಂದಿದ್ರೆ ಆಗ್ತಿರ್ಲಿಲ್ವಾ?"

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಭಾರ ಇಳಿದವರ ನಗು. ಯಾವ ಪ್ರಶ್ನೆಗೆ ಹೆದರಿ ಅಷ್ಟು ದಿನ ಸುಳ್ಳು ಹೇಳಿದ್ದೆನೋ ಅದೇ ಪ್ರಶ್ನೆ. ಉತ್ತರ ಹೇಳಿದ್ದು ಆಯಿ.

"ಅದರ ತಪ್ಪಲ್ಲ. ಅದು ಸಾಕು ಸಾಕು ಹೇಳ್ತಿತ್ತು. ನಾನೇ ಬಿಡ್ದೆ ತಿನ್ಸಿದ್ದು."

ಸುಳ್ಳು. ನಾನು ಅವಳ ಕೈಯ ಊಟಕ್ಕೆ ಒಂದು ದಿನವೂ ಸಾಕು ಅಂದವಳಲ್ಲ. ಬೀಗರ ಮುಂದೆ ಅವಳು ಸೆರಗಿನಲ್ಲಿ ಕೈ ಒರೆಸುತ್ತ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡಳು, ನಾನು ಅಲ್ಲವೆನ್ನಲಿಲ್ಲ. ಪಿತ್ತಕೋಶದ ಮಾತನ್ನು ಅವಳು ಅಂದೂ ಎತ್ತಲಿಲ್ಲ, ಇಂದಿಗೂ ಎತ್ತಿಲ್ಲ.

ವೀಳ್ಯ ಬದಲಾಯಿತು. ತಂಗಿ ಅಳುತ್ತ ನಗುತ್ತ ಬಂದು ನನ್ನ ಕೈ ಹಿಡಿದು ಹೋದಳು. ಎಲೆ ಹಾಕಿದರು. ಆಯಿ ಅನ್ನದ ಪಾತ್ರೆ ಹಿಡಿದು ಸಾಲಿನಲ್ಲಿ ಬಂದು, ನನ್ನ ಎಲೆಯ ಮುಂದೆ ನಿಂತಳು. ಸೌಟು ಎತ್ತಿದ ಕೈ ಅಲ್ಲೇ ಉಳಿಯಿತು.

"ಎಷ್ಟು ಹಾಕ್ಲಿ?"

ನಮ್ಮ ಮನೆಯಲ್ಲಿ ಅದು ನೆಂಟರನ್ನು ಕೇಳುವ ಮಾತು. ನಾನು ಬೆರಳಿನಿಂದ ಎಲೆಯ ಮೇಲೆ ಒಂದು ಸಣ್ಣ ಸುತ್ತು ಎಳೆದು ತೋರಿಸಿದೆ. ಅವಳು ಬಗ್ಗಿ, ಅದರಿಂದ ಹೊರಗೆ ಒಂದು ಅಗುಳೂ ಬೀಳದ ಹಾಗೆ ಬಡಿಸಿ, ಪಕ್ಕದ ಎಲೆಗೆ ಹೋದಳು.